ಕೊನೇ ಪುಸ್ತಕದಲ್ಲಿ ಜಾನ್ ಸ್ನೋಗೆ ಸಿಗುವುದು ಎಂತ, ಸಿಂಹಾಸನವಾ ವಿಂಟರ್‌ಫೆಲ್ಲಾ?

ಬಲ್ಮಠ_ರೀಡರ್:
ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಐಸ್ ಅಂಡ್ ಫೈರ್ ಕಾದಂಬರಿ ಸೀರೀಸ್ ಓದಿದವರಿಗೆ ಮಾತ್ರ ಈ ಪ್ರಶ್ನೆ, ಓದ್ಲಿಕ್ಕೆ ಬಾಕಿ ಇರುವವರು ಇಲ್ಲೇ ನಿಲ್ಲಿಸಿ, ಎಲ್ಲಾ ಸ್ಪಾಯ್ಲರ್ ಉಂಟು. ಈ ಮಳೆಗಾಲದಲ್ಲಿ ಐದೂ ಪುಸ್ತಕ ಮೊದಲಿಂದ ಪುನಃ ಓದಿದೆ ಮಾರಾಯ್ರೆ. ಮೊದಲನೇದು 1996ರದ್ದು, ಐದನೇದು 2011ರದ್ದು, ಅಲ್ಲಿಂದ ಮತ್ತೆ ಆರನೇದಕ್ಕೆ ಕಾಯುವುದೇ ಆಯ್ತು, ಕೊನೇದಾದ ಏಳನೇದಕ್ಕೆ ಎ ಡ್ರೀಮ್ ಆಫ್ ಸ್ಪ್ರಿಂಗ್ ಅಂತ ಹೆಸರಿಟ್ಟಿದ್ದಾರೆ ಅಷ್ಟೆ. 2019ರಲ್ಲಿ ಗೇಮ್ ಆಫ್ ಥ್ರೋನ್ಸ್ ಸೀರಿಯಲ್‌ನವರು ತೋರಿಸಿದ ಎಂಡಿಂಗ್ ಬದಿಗಿಡುವಾ. ಅದ್ರಲ್ಲಿ ವಿಂಟರ್‌ಫೆಲ್ ಕೋಟೆಯ ಒಡೆಯ ನೆಡ್‌ನ ದೊಡ್ಡ ಮಗ ರಾಬ್ ಬರೆದ ಉಯಿಲೇ ಇಲ್ಲ, ಸತ್ತು ತಿರುಗಿ ಬಂದ ಅವನ ಅಮ್ಮ ಲೇಡಿ ಸ್ಟೋನ್‌ಹಾರ್ಟ್ ಇಲ್ಲ, ಸಿಂಹಾಸನ ನನ್ನದು ಅನ್ನುವ ಯಂಗ್ ಗ್ರಿಫ್ ಇಲ್ಲ, ಇಷ್ಟು ಮಂದಿಯನ್ನ ಬಿಟ್ಟ ಮೇಲೆ ಅದೇ ಕೊನೆಗೆ ಹೋಗಿ ಮುಟ್ಟುವುದು ಹೇಗೆ?

ನನಗೆ ಈ ಸಲ ಓದುವಾಗ ಹೊಳೆದದ್ದು ಒಂದು ವಿಷಯ. ನಮ್ಮದು ಅಳಿಯಕಟ್ಟಿನ ಮನೆ. ಅಜ್ಜಿಯ ಅಣ್ಣ ಯಜಮಾನ, ಅವ್ರ ನಂತರ ಯಜಮಾನಿಕೆ ಅವ್ರ ಮಕ್ಕಳಿಗಲ್ಲ, ಅಜ್ಜಿಯ ಮಗನಿಗೆ ಅಂದ್ರೆ ನನ್ನ ಮಾವನಿಗೆ ಬಂತು. ಈಗ ಜಾನ್‌ನ ನೋಡಿ. ನೆಡ್‌ಗೆ ಹಾದರಕ್ಕೆ ಹುಟ್ಟಿದವನು ಅಂತ ಎಲ್ಲರೂ ನಂಬಿದ್ದು, ಆದ್ರೆ ಅವನು ನೆಡ್‌ನ ಮಗ ಅಲ್ಲ, ತಂಗಿ ಲಯಾನಾಳ ಮಗ, ಅಪ್ಪ ಹಳೇ ರಾಜನ ಮಗ ರೇಗಾರ್. ಪುಸ್ತಕದಲ್ಲಿ ಇನ್ನೂ ಬಾಯಿಬಿಟ್ಟು ಹೇಳಿಲ್ಲ ಆದ್ರೆ ಸಾಯುವಾಗ ಲಯಾನಾ ಅಣ್ಣನ ಹತ್ರ ಮಾತು ತಗೊಂಡದ್ದು, ರೇಗಾರ್ ಅವಳಿಗೆ ಕೊಟ್ಟ ಆ ನೀಲಿ ಗುಲಾಬಿ, ಎರಡನೇ ಪುಸ್ತಕದಲ್ಲಿ ರೇಗಾರ್‌ನ ತಂಗಿ ಡೆನೇರಿಸ್‌ಗೆ ಕಾಣುವ ಮಂಜುಗೋಡೆಯ ಬಿರುಕಿನ ನೀಲಿ ಹೂ, ಇಷ್ಟು ಸಾಕು ನನಗೆ. ಎಲ್ಲರೂ ಹೇಳುವುದು ರೇಗಾರ್‌ನ ಮಗ ಅಂತ ಗೊತ್ತಾದ ಕೂಡ್ಲೇ ಅವನಿಗೆ ಐರನ್ ಥ್ರೋನ್ ಅಂತ. ನಮ್ಮ ಕಟ್ಟಿನಲ್ಲಿ ಲೆಕ್ಕ ಹಾಕಿದ್ರೆ ಉಲ್ಟಾ ಬರ್ತದೆ, ಅಪ್ಪನ ಕಡೆಯದ್ದು ಅವನಿಗೆ ಎಂತದೂ ಇಲ್ಲ, ಅದು ಡೆನೇರಿಸ್‌ನ ಮನೆತನ. ಅವನಿಗೆ ಬರಬೇಕಾದ್ದು ಮಾವ ನೆಡ್‌ನ ವಿಂಟರ್‌ಫೆಲ್. ನಂದು ಇದೇ ಪ್ರೆಡಿಕ್ಷನ್, ಕೊನೇ ಪುಸ್ತಕದಲ್ಲಿ ಅವನು ದಕ್ಷಿಣದ ಕಿರೀಟ ಮುಟ್ಟುವುದಿಲ್ಲ, ಅಳಿಯನಾಗಿ ಮನೆಗೆ ಬರ್ತಾನೆ. ನಿಮಗೆ ಎಂತ ಅನ್ನಿಸ್ತದೆ?

ಮಣಿಪಾಲ_ಎಂಡ್‌ಪಾಯಿಂಟ್:
ಐಡಿಯಾ ಭಾರೀ ಚಂದ ಉಂಟು ಆದ್ರೆ ಕಥೆ ನಡೆಯುವ ವೆಸ್ಟೆರೋಸ್‌ನಲ್ಲಿ ಆ ಕಟ್ಟು ಇಲ್ವಲ್ಲ. ಅಲ್ಲಿ ಅಪ್ಪನಿಂದ ಮಗನಿಗೆ ಹೋಗುವ ಮಕ್ಕಳಕಟ್ಟೇ ನಡೆಯುವುದು, ಡೋರ್ನ್‌ನಲ್ಲಿ ಮಾತ್ರ ಗಂಡೋ ಹೆಣ್ಣೋ ದೊಡ್ಡವರಿಗೆ ಹೋಗ್ತದೆ. ಮತ್ತೆ ಅಳಿಯಸಂತಾನವನ್ನ ಸರಿಯಾಗಿ ಹಿಡಿದ್ರೆ ನಿಮ್ಮ ಪ್ರೆಡಿಕ್ಷನ್‌ಗೇ ಏಟು ಬೀಳ್ತದೆ ನೋಡಿ. ಆಸ್ತಿ ಅಳಿಯನೊಬ್ಬನದ್ದಲ್ಲ, ಕುಟುಂಬದ್ದು, ಅವನಿಗೆ ಬರುವುದು ಯಜಮಾನಿಕೆ ಮಾತ್ರ. ಸಂತಾನ ಮುಂದೆ ಹೋಗುವುದು ಹೆಣ್ಣಿನಿಂದ. ನೆಡ್‌ನ ಮಕ್ಕಳು ಸಾನ್ಸಾ, ಆರ್ಯ, ಬ್ರಾನ್ ಎಲ್ಲಾ ತಾಯಿ ಕ್ಯಾಟ್ಲಿನ್‌ನ ಟಲ್ಲಿ ಕುಟುಂಬಕ್ಕೆ ಸೇರಿದವರು ಆಗ್ತಾರೆ, ಅವ್ರಿಗೆ ಟಲ್ಲಿಗಳ ಕೋಟೆ ರಿವರ್‌ರನ್. ನೆಡ್‌ಗೆ ಇದ್ದದ್ದು ಒಬ್ಳೇ ತಂಗಿ, ಅವಳಿಗೆ ಹೆಣ್ಣು ಮಕ್ಕಳಿಲ್ಲ. ಅಂದ್ರೆ ಜಾನ್ ಬಂದ್ರೂ ಆ ಮನೆಯ ಕೊನೇ ಯಜಮಾನ, ಅವನಲ್ಲಿಗೆ ಮುಗೀತು.

ನನಗೆ ಇದ್ರಲ್ಲೇ ಬೇರೆ ಪ್ರೆಡಿಕ್ಷನ್ ಕಾಣ್ತದೆ. ಅವನು ಯಜಮಾನಿಕೆ ತಗೊಳ್ಳುವುದು ಯುದ್ಧ ಮುಗಿಯುವವರೆಗೆ ಮಾತ್ರ, ಆಮೇಲೆ ಸಾನ್ಸಾಗೆ ಕೊಟ್ಟು ಹೋಗ್ತಾನೆ. ಐದನೇ ಪುಸ್ತಕದವರೆಗೂ ಅವಳು ವೇಲ್‌ನಲ್ಲಿ ಅಲೇನ್ ಸ್ಟೋನ್ ಅಂತ ಸುಳ್ಳು ಹೆಸರಲ್ಲಿ, ಹಾದರಕ್ಕೆ ಹುಟ್ಟಿದವಳು ಅಂತ ಹೇಳ್ಕೊಂಡು ಬದುಕ್ತಾ ಇದ್ದಾಳೆ. ಚಿಕ್ಕಂದಿನಿಂದ ಜಾನ್ ಪಟ್ಟ ಪಾಡು ಎಂತದ್ದು ಅಂತ ಈಗ ಅವಳಿಗೆ ಗೊತ್ತಾಗ್ತಾ ಉಂಟು. ಅವರಿಬ್ರು ಎದುರುಬದುರು ಕೂತು ಮಾತಾಡುವ ಒಂದು ಅಧ್ಯಾಯ ಸಿಕ್ಕಿದ್ರೆ ಸಾಕು ನನಗೆ, ಯಾರು ರಾಜ ಆದ್ರೂ ಆಗ್ಲಿ.

ಮಲ್ಪೆ_ಕಡಲು:
ನೀವೆಲ್ಲ ಮನೆ ಹಂಚ್ತಾ ಇದ್ದೀರಿ, ಉತ್ತರದ ಗಡಿಯ ಆ ಮಂಜುಗೋಡೆ ಬೀಳದೆ ಕೊನೇ ಪುಸ್ತಕ ಶುರುವೇ ಆಗುವುದಿಲ್ಲ 🙂 ಜಾನ್‌ನ ಗೆಳೆಯ ಸ್ಯಾಮ್‌ನ ಹತ್ರ ಒಂದು ಒಡೆದ ಕೊಂಬು ಉಂಟಲ್ವಾ, ಎರಡನೇ ಪುಸ್ತಕದಲ್ಲಿ ಜಾನ್‌ನ ತೋಳ ಗೋಸ್ಟ್ ತೋರಿಸಿಕೊಟ್ಟ ಜಾಗದಲ್ಲಿ ಸಿಕ್ಕಿದ್ದು, ಜಾನ್ ಅದನ್ನ ಅವನಿಗೆ ಕೊಟ್ಟದ್ದು, ಯಾರೂ ಲೆಕ್ಕಕ್ಕೇ ಇಡ್ಲಿಲ್ಲ, ಅದು ಈಗ ದಕ್ಷಿಣದ ಓಲ್ಡ್‌ಟೌನ್ ಪಟ್ಟಣಕ್ಕೆ ಹೋಗಿ ಕೂತಿದೆ, ಅದೇ ಓಲ್ಡ್‌ಟೌನ್ ಕಡೆಯ ಕಡಲಲ್ಲಿ ಕಡಲುಗಳ್ಳರ ರಾಜ ಯೂರಾನ್‌ನ ಜನ ಸೂರೆ ಮಾಡ್ತಾ ಇದ್ದಾರೆ, ಗೋಡೆ ಬೀಳಿಸುವ ಕೊಂಬು ಅಂತ ಮಾಟಗಾತಿ ಮೆಲಿಸಾಂಡ್ರೆ ಸುಟ್ಟ ದೊಡ್ಡ ಕೊಂಬು ಅಸಲಿ ಅಲ್ಲ ಅಂತ ಗೋಡೆಯಾಚೆಯ ಟಾರ್ಮಂಡೇ ಜಾನ್‌ಗೆ ಹೇಳಿದ್ದಾನೆ, ಹಾಗಾದ್ರೆ ಗೋಡೆ ಬೀಳಿಸುವ ಅಸಲಿ ಕೊಂಬು ಯಾವುದು ಅಂತ ನೀವೇ ಹೇಳಿ. ಆರನೇ ಪುಸ್ತಕದ ಕೊನೇ ಪುಟದಲ್ಲಿ ಅದು ಊದ್ತದೆ, ನಾನು ಬರ್ದಿಟ್ಟಿದ್ದೇನೆ.

ಕದ್ರಿ_ಕಂಬ್ಳ:
ನಾನು ಜಾನ್ ವಿಷಯಕ್ಕೆ ಬರುವುದಿಲ್ಲ, ನನಗೆ ಮಂಡೆಬಿಸಿ ಜೇಮಿದು. ಸೀರಿಯಲ್‌ನಲ್ಲಿ ಅವನನ್ನ ವಾಪಸ್ ಅವಳಿ ಅಕ್ಕ, ರಾಣಿ ಸೆರ್ಸೈ ಹತ್ರ ಕಳಿಸಿ ಕಲ್ಲಿನಡಿಗೆ ಹಾಕಿದ್ರಲ್ಲ, ಆ ರಾತ್ರಿ ನನಗೆ ಊಟ ಸೇರ್ಲಿಲ್ಲ. ನಾಲ್ಕನೇ ಪುಸ್ತಕದಲ್ಲಿ ಅವಳು ಕಾಪಾಡು ಅಂತ ಬರ್ದ ಕಾಗದವನ್ನ ಅವನು ಬೆಂಕಿಗೆ ಹಾಕಿಸ್ತಾನೆ, ಅಂಥವನು ತಿರುಗಿ ಹೋಗುವುದಾದ್ರೆ ಸಾಯ್ಲಿಕ್ಕೆ ಅಲ್ಲ. ಚಿಕ್ಕಂದಿನಲ್ಲಿ ಸೆರ್ಸೈಗೆ ಕಣಿ ಹೇಳುವ ಮ್ಯಾಗಿ ಹೇಳಿದ ಭವಿಷ್ಯದಲ್ಲಿ ವಲೋನ್ಕಾರ್ ಅಂದ್ರೆ ತಮ್ಮ ಬಂದು ಕುತ್ತಿಗೆ ಹಿಸುಕ್ತಾನೆ ಅಂತ ಉಂಟು, ಸೆರ್ಸೈ ಅದು ಚಿಕ್ಕ ತಮ್ಮ ಟಿರಿಯನ್ ಅಂತ ಜೀವಮಾನ ಇಡೀ ಹೆದರಿದ್ಳು, ಆದ್ರೆ ಅವಳಿಗಿಂತ ಸ್ವಲ್ಪ ಹೊತ್ತು ಮತ್ತೆ ಹುಟ್ಟಿದ ಜೇಮಿಯೂ ತಮ್ಮನೇ. ಬಲಗೈ ಹೋಗಿ ಅಲ್ಲಿ ಚಿನ್ನದ ಕೈ ಉಂಟು. ಹುಚ್ಚು ರಾಜ ಊರು ಸುಡ್ಲಿಕ್ಕೆ ಹೊರಟಾಗ ರಾಜನನ್ನೇ ಕೊಂದು ಜನ ಉಳಿಸಿದವನು ಅವನು, ಅದಕ್ಕೆ ಜನ್ಮ ಇಡೀ ಬೈಗುಳ ತಿಂದ. ಅದೇ ಊರನ್ನ ಸುಡ್ಲಿಕ್ಕೆ ಈಗ ಅಕ್ಕನೇ ಹೊರಟ್ರೆ? ಎರಡನೇ ಸಲವೂ ಅವನೇ ಮಾಡ್ಬೇಕಾಗ್ತದೆ. ಇದು ತಪ್ಪಾದ್ರೆ ನನಗೆ ನಿಜವಾಗ್ಲೂ ಬೇಜಾರಾಗ್ತದೆ.

ಉಡುಪಿ_ರಥಬೀದಿ:
ಎರಡು ದಿನದಿಂದ ಈ ಥ್ರೆಡ್ ಓದ್ತಾ ಇದ್ದೆ. ಬಲ್ಮಠದವ್ರೆ, ನೀವು ಅಳಿಯಕಟ್ಟು ಅಂದಾಗ ಅದು ಹೇಗೆ ಶುರುವಾಯ್ತು ಅಂತ ಹೇಳುವ ಭೂತಾಳ ಪಾಂಡ್ಯನ ಕಥೆ ನೆನಪಾಗ್ಲಿಲ್ವಾ ನಿಮಗೆ? ಕುಂಡೋದರ ಭೂತ ನರಬಲಿ ಕೇಳ್ತದೆ, ರಾಜನ ಹೆಂಡತಿ ತನ್ನ ಮಕ್ಕಳನ್ನ ಕೊಡುವುದಿಲ್ಲ ಅಂತಾಳೆ, ತಂಗಿ ತನ್ನ ಮಗನನ್ನ ಕೊಡ್ತಾಳೆ. ಭೂತ ಆ ಹುಡುಗನನ್ನ ಕೊಲ್ಲದೆ ವಾಪಸ್ ಕಳಿಸ್ತದೆ, ರಾಜ್ಯ ಇವನಿಗೇ ಆಗ್ಬೇಕು ಅಂತ ಹೇಳ್ತದೆ. ಈಗ ಜಾನ್‌ನ ಇಟ್ಟು ನೋಡಿ. ಕ್ಯಾಟ್ಲಿನ್ ಇವನನ್ನ ಮನೆಯಲ್ಲಿ ಇಟ್ಕೊಳ್ಳಲಿಕ್ಕೆ ಒಪ್ಪಲಿಲ್ಲ, ನೆಡ್‌ನ ಮಕ್ಕಳು ಮನೆಯ ಮಕ್ಕಳಾಗಿಯೇ ಇದ್ರು, ತಂಗಿಯ ಮಗ ಗೋಡೆಯ ಕಾವಲಿಗೆ ಹೋದ. ಅಲ್ಲಿ ಐದನೇ ಪುಸ್ತಕದ ಕೊನೆಗೆ ಸ್ವಂತ ಪಡೆಯವರೇ ಚೂರಿ ಹಾಕಿದ್ರು, ಅವನ ಬಾಯಲ್ಲಿ ಕೊನೆಗೆ ಬಂದ ಮಾತು ಗೋಸ್ಟ್. ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಪ್ರಾಣಿಗಳ ಮೈಯೊಳಗೆ ಹೋಗಬಲ್ಲ ವಾರಾಮಿರ್ ಸಾಯುವಾಗ ಅವನ ಜೀವ ತೋಳದೊಳಗೆ ಹೋಗುವುದನ್ನ ತೋರಿಸಿದ್ದಾರೆ, ಸುಮ್ಮನೆ ಅಲ್ಲ. ವಾಪಸ್ ಬರ್ತಾನೆ. ಸತ್ತು ಬಂದ ಮೇಲೆ ಸಾಯುವವರೆಗಿನ ಕಾವಲುಗಾರರ ಆಣೆಯೂ ಬಿಟ್ಟು ಹೋಯ್ತು.

ಮತ್ತೆ ಸಾಕ್ಷಿ ಯಾರು ಅಂತ ಯಾರೂ ಕೇಳ್ಲಿಲ್ಲ. ಲಯಾನಾ ಸತ್ತ ಕಡೆ ಇದ್ದು ಬದುಕಿ ಬಂದವರು ನೆಡ್ ಮತ್ತು ಅವನ ಗೆಳೆಯ ಹೌಲ್ಯಾಂಡ್ ರೀಡ್, ನೆಡ್ ಇಲ್ಲ ಈಗ. ರೀಡ್ ಬಂದು ಹೇಳ್ತಾನೆ ಅಂತ ಎಲ್ಲರೂ ಕಾಯ್ತಾ ಇದ್ದಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಹೇಳುವವನು ಬ್ರಾನ್, ಮರದ ಮೂಲಕ. ಐದನೇ ಪುಸ್ತಕದಲ್ಲಿ ಅವನು ಗುಹೆಯಲ್ಲಿ ಕೂತು ವಿಂಟರ್‌ಫೆಲ್‌ನ ವೀರ್‌ವುಡ್ ಅನ್ನುವ ದೇವರ ಮರದ ಕಣ್ಣಿಂದ ಅಪ್ಪನನ್ನ ನೋಡ್ತಾನೆ, ಕರೀತಾನೆ, ನೆಡ್ ತಲೆ ಎತ್ತಿ ಯಾರು ಅಂತ ಕೇಳ್ತಾನೆ. ಅದನ್ನ ಓದುವಾಗ ನನಗೆ ನಮ್ಮ ಮನೆಯ ನಾಗಬನವೇ ಕಣ್ಣಿಗೆ ಬಂತು, ಗೋಡೆ ಇಲ್ಲ ಮಾಡು ಇಲ್ಲ, ಮರಕ್ಕೆ ಕತ್ತಿ ಹಾಕುವ ಹಾಗಿಲ್ಲ, ಅಲ್ಲಿ ನಿಂತು ಸುಳ್ಳು ಹೇಳ್ಲಿಕ್ಕೆ ನಾಲಿಗೆ ಏಳುವುದಿಲ್ಲ. ಉತ್ತರದವ್ರ ನಂಬಿಕೆಯೂ ಅದೇ, ಆ ಮರದೆದುರು ಸುಳ್ಳು ನಡೆಯುವುದಿಲ್ಲ ಅಂತ. ಸಿಂಹಾಸನಕ್ಕೆ ಹೋರಾಡುವ ಸ್ಟ್ಯಾನಿಸ್ ಮೂರನೇ ಪುಸ್ತಕದಲ್ಲೇ ವಿಂಟರ್‌ಫೆಲ್ ಕೊಡ್ತೇನೆ, ಮರ ಸುಡ್ಬೇಕು ಅಂದಿದ್ದ. ಜಾನ್ ಆಸೆ ಪಟ್ಟ, ಸುಳ್ಳಲ್ಲ, ಆದ್ರೆ ಬಿಳೀ ಮೈ ಕೆಂಪು ಕಣ್ಣಿನ ಗೋಸ್ಟ್ ತಿರುಗಿ ಬಂದಾಗ ಅದೇ ಮರದ ಬಣ್ಣ ಅಂತ ಕಂಡಿತು ಅವನಿಗೆ, ಬೇಡ ಅಂದ. ಅದೇ ಮರದಡಿಯಲ್ಲಿ ಕೊನೇ ಪುಸ್ತಕದಲ್ಲಿ ಅವನ ತಾಯಿ ಯಾರು ಅಂತ ಹೇಳುವುದು.

ಮಣಿಪಾಲ_ಎಂಡ್‌ಪಾಯಿಂಟ್:
ಕುಂಡೋದರನ ಕಥೆ ಗೊತ್ತಿತ್ತು, ಆದ್ರೆ ಹೀಗೆ ಹಿಡಿದು ನೋಡಿರ್ಲಿಲ್ಲ. ಒಪ್ಪಿದೆ. ಕೊನೇ ಯಜಮಾನ ಅನ್ನುವುದು ಮಾತ್ರ ನಾನು ಬಿಡುವುದಿಲ್ಲ.

ಬಲ್ಮಠ_ರೀಡರ್:
ರಥಬೀದಿಯವ್ರೆ, ಅಜ್ಜಿ ಬಾಯಲ್ಲಿ ಎಷ್ಟೋ ಸಲ ಕೇಳಿದ ಕಥೆ ಅದು, ನಾನು ಎರಡನ್ನೂ ಒಟ್ಟಿಗೆ ಇಟ್ಟದ್ದೇ ಇಲ್ಲ. ಮಣಿಪಾಲದವ್ರ ಮಾತೂ ಬಿಡ್ಲಿಕ್ಕಾಗುವುದಿಲ್ಲ, ನಮ್ಮ ಮನೆಯಲ್ಲೂ ಈಗ ಮಾವನ ನಂತರ ಯಾರೂ ಇಲ್ಲ, ಚಿಕ್ಕಮ್ಮಂದಿರಿಲ್ಲ, ಅಮ್ಮನಿಗೆ ನಾನೊಬ್ಬನೇ. ಅದಕ್ಕೇ ಇರ್ಬೇಕು ಅವನು ಮನೆಗೆ ಬರ್ಲೇಬೇಕು ಅಂತ ನನಗೆ ಇಷ್ಟು ಹಠ. ಈಗ ಮೂರನೇ ಪುಸ್ತಕ ಪುನಃ ತೆಗ್ದಿದ್ದೇನೆ, ರಾಬ್ ಉಯಿಲಿಗೆ ಸರದಾರರ ಮೊಹರು ಹಾಕಿಸುವ ಅಧ್ಯಾಯ. ಆ ಕಾಗದ ಕೊನೆಗೆ ಯಾರ ಕೈಯಲ್ಲಿ ಉಳೀತು ಅನ್ನುವುದಕ್ಕೆ ಯಾರಿಗಾದ್ರೂ ಸುಳಿವು ಸಿಕ್ಕಿದ್ರೆ ಇಲ್ಲೇ ಹಾಕಿ, ನಾನು ರಾಬ್‌ನ ಕಡೆಯವರಾದ ಮೇಜ್ ಮಾರ್ಮಂಟ್ ಮತ್ತು ಗಾಲ್ಬರ್ಟ್ ಗ್ಲೋವರ್ ರೀಡ್‌ನ ಹುಡುಕಿ ಹೊರಟ ಜಾಗದಿಂದ ನೋಡ್ತಾ ಬರ್ತೇನೆ.