‘ಮಗುವಿನ ಕೋಣೆಯನ್ನು ಅಲಂಕರಿಸು’ ಅನ್ನಬಹುದೇ? ‘ಒಪ್ಪ’ದ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮಕ್ಕಳ ಮಲಗುವ ಕೋಣೆಯನ್ನು ಚೆಂದ ಮಾಡುವ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಗೋಡೆಯ ಬಣ್ಣ, ಮಂಚ, ಪರದೆ, ದೀಪ, ಆಟದ ಸಾಮಾನು ಇಡುವ ಜಾಗ, ಹೀಗೆ. ಕೊನೆಗೆ ಇಡೀ ಮನೆಗೆ ಹೊಂದುವ ಕೆಲವು ಸೊಗಸಾದ ವಸ್ತುಗಳ ಮಾತೂ ಬರುತ್ತದೆ. ಮಗಳ ಕೋಣೆಯನ್ನು ಇದುವರೆಗೆ ಮೂರು ಸಲ ಬದಲಾಯಿಸಿದ್ದೇನೆ, ಆದ್ದರಿಂದ ಏನು ಹೇಳಬೇಕು ಎಂಬುದು ಗೊತ್ತಿದೆ. ಆದರೆ ಮೊದಲ ಸಾಲಿಗೇ ಕೈ ನಿಂತಿತು. ‘ಮಗುವಿನ ಕೋಣೆಯನ್ನು ಅಲಂಕರಿಸುವುದು ಹೇಗೆ’ ಎಂದು ಬರೆದೆ. ಗಟ್ಟಿಯಾಗಿ ಓದಿಕೊಂಡೆ. ಸರಿ ಬರಲಿಲ್ಲ.

ಅಲಂಕಾರ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಒಂದು ದಿನದ ಸಂಭ್ರಮ. ಇವತ್ತು ಕಟ್ಟುತ್ತೇವೆ, ನಾಳೆ ಬಿಚ್ಚುತ್ತೇವೆ. ವೇದಿಕೆಗೆ ಅಲಂಕಾರ, ಮಂಟಪಕ್ಕೆ ಅಲಂಕಾರ. ಮಗು ದಿನವೂ ಎದ್ದು, ಬಿದ್ದು, ಗೀಚಿ, ಮಲಗುವ ಕೋಣೆಗೆ ಆ ಮಾತು ಅಂಟುವುದಿಲ್ಲ. ಬೇಸರದ ಸಂಗತಿ ಏನೆಂದರೆ ಪದದ ಮೂಲ ಬಹಳ ಹದವಾದದ್ದು. ಸಂಸ್ಕೃತದ ‘ಅಲಂ’ ಅಂದರೆ ಸಾಕು, ತಕ್ಕಷ್ಟು. ಕೊರತೆ ಇಲ್ಲದಂತೆ ಮಾಡುವುದೇ ಅಲಂಕಾರ. ಈಗ ಅದರ ಕಿವಿಯರ್ಥ ತಿರುಗಿಬಿಟ್ಟಿದೆ. ಸಾಕಾಗುವಷ್ಟು ಇದ್ದ ಮೇಲೆ ಇನ್ನೂ ಜಾಸ್ತಿ ಸೇರಿಸುವುದಕ್ಕೆ ಅಲಂಕಾರ ಅನ್ನುತ್ತೇವೆ.

‘ಸಿಂಗರಿಸು’ ನೋಡಿದೆ. ಅದು ಶೃಂಗಾರದ ತದ್ಭವದಿಂದ ಬಂದದ್ದು, ಮನುಷ್ಯರ ಮೈಗೆ ಹತ್ತಿರ. ‘ಸಜ್ಜುಗೊಳಿಸು’ ಅಂದರೆ ಕೋಣೆ ಬಳಸಲು ತಯಾರಾಯಿತು ಎಂದಷ್ಟೇ. ಚೆಂದ ಅದರೊಳಗೆ ಇಲ್ಲ.

ಆಗ ಮಗಳೇ ಒಂದು ದಾರಿ ತೋರಿಸಿದಳು. ಗೋಡೆಗೆ ಬಣ್ಣ ಆರಿಸುವಾಗ ಒಂದು ಕಡುನೀಲಿಯನ್ನು ನೋಡಿ ‘ಇದು ನನ್ನ ಕೋಣೆಗೆ ಒಪ್ಪಲ್ಲ’ ಅಂದಳು. ನಾವು ದಿನಾ ಆಡುವ ಮಾತೇ ಅಲ್ವಾ? ‘ಈ ಬಣ್ಣ ನಿನಗೆ ಒಪ್ಪುತ್ತೆ.’ ‘ಒಪ್ಪು’ ಅಂದರೆ ಸಮ್ಮತಿಸು ಎಂಬುದು ಇವತ್ತಿನ ಮೊದಲ ಅರ್ಥ. ಹಳಗನ್ನಡದಲ್ಲಿ ಹೊಂದಿಕೊಂಡು ಚೆನ್ನಾಗಿ ಕಾಣು, ಶೋಭಿಸು ಎಂಬ ಅರ್ಥವೂ ದಂಡಿಯಾಗಿ ಸಿಗುತ್ತದೆ. ಅದರ ನಾಮಪದ ‘ಒಪ್ಪ’ಕ್ಕೆ ಹೊಳಪು, ಅಂದ, ಅಚ್ಚುಕಟ್ಟು ಎಂಬ ಅರ್ಥಗಳಿವೆ. ಶಾಸನಗಳ ಕೊನೆಯಲ್ಲಿ ಬರುವ ಸಹಿಗೂ ಒಪ್ಪ ಎಂಬ ಹೆಸರಿದೆ. ಅಂದರೆ ಚೆಂದ ಕಾಣುವುದಕ್ಕೂ ‘ಹೂಂ’ ಅನ್ನುವುದಕ್ಕೂ ಕನ್ನಡ ಒಂದೇ ಬೇರನ್ನು ಇಟ್ಟುಕೊಂಡಿದೆ. ಇಂಗ್ಲಿಷಿನ ಡೆಕೊರೇಟ್ ಮತ್ತು ಡೀಸೆಂಟ್ ಕೂಡ ಲ್ಯಾಟಿನ್‌ನಲ್ಲಿ ನಂಟರೇ. ‘ತಕ್ಕದ್ದಾಗಿರು’ ಎಂಬುದು ಆ ಬಳಗದ ಮೂಲ ಅರ್ಥ. ಅಲಂಕಾರಕ್ಕಿಂತ ಒಪ್ಪವೇ ಡೆಕೊರೇಟ್‌ನ ಹೊಟ್ಟೆಯೊಳಗಿನ ಅರ್ಥಕ್ಕೆ ಹತ್ತಿರ ಎಂದು ನನಗೆ ಅನಿಸಿದೆ. ಮಗುವಿನ ಕೋಣೆಯ ಮಟ್ಟಿಗಂತೂ ಒಪ್ಪಿಗೆ ಕೊಡಬೇಕಾದದ್ದು ಮಗುವೇ.

ಆದ್ದರಿಂದ ಸಾಲನ್ನು ‘ಮಗುವಿನ ಕೋಣೆಯನ್ನು ಒಪ್ಪಗೊಳಿಸುವುದು ಹೇಗೆ’ ಎಂದು ತಿದ್ದಿದ್ದೇನೆ. ತೊಡಕು ಇಲ್ಲಿದೆ. ‘ಕೋಣೆ ಒಪ್ಪ ಮಾಡು’ ಎಂದು ಮನೆಯಲ್ಲಿ ಹೇಳಿದರೆ ಹರಡಿದ ಆಟದ ಸಾಮಾನು ಎತ್ತಿಡು ಎಂದೇ ಅರ್ಥ. ‘ಒಪ್ಪ ಓರಣ’ ಎಂಬ ಜೋಡಿಮಾತಿನಲ್ಲೂ ಒಪ್ಪವು ಓರಣದ ಕಡೆಗೆ ವಾಲಿದೆ. ‘ಮಾಡು’ ಬಿಟ್ಟು ‘ಗೊಳಿಸು’ ಹಾಕಿದರೆ ಅರ್ಥ ಬೇರೆಯಾಗಿ ಕೇಳುತ್ತದೆಯೇ? ನನ್ನ ಕಿವಿಗೆ ಕೇಳುತ್ತದೆ. ನಿಮ್ಮ ಕಿವಿಗೂ ಕೇಳಬೇಕು, ಅದಕ್ಕೇ ಈ ಪತ್ರ.

ಇದನ್ನು ಬರೆಯುವಾಗ ಬೇರೆ ಕೆಲವು ಪದಗಳೂ ಎಡವಿಸಿದವು. ಅವನ್ನೂ ನಿಮ್ಮ ಮುಂದಿಡುತ್ತೇನೆ, ಯಾಕೆಂದರೆ ಇವುಗಳಲ್ಲಿ ಕೆಲವು ತಪ್ಪಿದರೆ ಬರೀ ಭಾಷೆ ಕೆಡುವುದಿಲ್ಲ, ಮಗುವಿಗೆ ಅಪಾಯ.

ಮೊದಲು ‘ನರ್ಸರಿ’. ಇಂಗ್ಲಿಷಿನಲ್ಲಿ ಅದು ಕೂಸಿನ ಕೋಣೆಯೂ ಹೌದು. ಕನ್ನಡಕ್ಕೆ ಬಂದಾಗ ಸಸಿ ಬೆಳೆಸುವ ಜಾಗ ಮತ್ತು ಪುಟ್ಟ ಮಕ್ಕಳ ಶಾಲೆ, ಈ ಎರಡೇ ಉಳಿದುಕೊಂಡವು. ‘ನರ್ಸರಿಗೆ ಬಣ್ಣ’ ಎಂದು ಬರೆದರೆ ಕೂಸಿನ ಕೋಣೆ ಯಾರಿಗೂ ಹೊಳೆಯುವುದಿಲ್ಲ. ‘ಕೂಸಿನ ಕೋಣೆ’ ಎಂದು ಬಿಡಿಸಿ ಬರೆದರೆ ಆಯಿತು. ಇಲ್ಲಿ ತಕರಾರು ಇಲ್ಲ ಅಂದುಕೊಂಡಿದ್ದೇನೆ.

ಕ್ರಿಬ್ ಮಾತ್ರ ಕಷ್ಟ. ಸುಮಾರು ಬರಹಗಳಲ್ಲಿ ಅದನ್ನು ತೊಟ್ಟಿಲು ಎಂದೇ ಬರೆದಿರುತ್ತಾರೆ. ತೊಟ್ಟಿಲು ತೂಗುವಂಥದ್ದು. ಕ್ರಿಬ್ ನೆಲದ ಮೇಲೆ ಅಲುಗಾಡದೆ ನಿಲ್ಲುತ್ತದೆ, ನಾಲ್ಕೂ ಕಡೆ ಉದ್ದುದ್ದ ಪಟ್ಟಿಗಳಿರುತ್ತವೆ. ಪಟ್ಟಿಗಳ ನಡುವೆ ಸುಮಾರು 6 ಸೆಂಟಿಮೀಟರ್‌ಗಿಂತ ಹೆಚ್ಚು ಸಂದು ಇರಬಾರದು, ಕೂಸಿನ ಮೈ ಅದರಲ್ಲಿ ತೂರಿಬಿಡಬಹುದು. ಈ ಸೂಚನೆಯನ್ನು ‘ತೊಟ್ಟಿಲು’ ಎಂದು ಓದಿದವರು ತಮ್ಮ ಮನೆಯ ಬಟ್ಟೆಯ ತೊಟ್ಟಿಲನ್ನು ನೋಡಿ ಇದು ನಮಗಲ್ಲ ಎಂದುಕೊಂಡರೆ? ಇಂಗ್ಲಿಷಿನಲ್ಲೂ ಕ್ರಿಬ್ ಮೊದಲು ದನಕ್ಕೆ ಮೇವು ಹಾಕುವ ಗೋದಲಿಯ ಹೆಸರು. ಆಮೇಲೆ ಕೂಸಿನ ಹಾಸಿಗೆಗೆ ಬಂತು. ಅದೇ ಅರ್ಥದ ಇನ್ನೊಂದು ಇಂಗ್ಲಿಷ್ ಪದ ಕಾಟ್ ಹಿಂದಿಯ ‘ಖಾಟ್’ನಿಂದ ಹೋದದ್ದು. ನಾವು ಯಾವ ಪದ ಇಡೋಣ? ಕಂಬಿಮಂಚ ಅಂದರೆ ಜೈಲಿನ ನೆನಪು, ಕಟಕಟೆಮಂಚ ಅಂದರೆ ನ್ಯಾಯಾಲಯದ ನೆನಪು. ಎರಡೂ ಕೂಸಿಗೆ ಬೇಡ. ‘ಕೂಸುಮಂಚ’ ಎಂದು ಬರೆದಿದ್ದೇನೆ. ತೂಗುವುದು ತೊಟ್ಟಿಲು, ನಿಲ್ಲುವುದು ಕೂಸುಮಂಚ.

ಅದರ ಸುತ್ತ ಒಳಗಡೆ ಕಟ್ಟುವ ಮೆತ್ತೆಗೆ ಇಂಗ್ಲಿಷಿನಲ್ಲಿ ಬಂಪರ್ ಅನ್ನುತ್ತಾರೆ. ಕನ್ನಡದಲ್ಲಿ ಬಂಪರ್ ಅಂದರೆ ಕಾರು, ಇಲ್ಲವೇ ಬಹುಮಾನ. ನಾನು ‘ಸುತ್ತುಮೆತ್ತೆ’ ಎಂದು ಕರೆದು, ಅದನ್ನು ಕಟ್ಟಲೇಬೇಡಿ ಎಂದು ಬರೆದಿದ್ದೇನೆ. ನೋಡಲು ಎಷ್ಟೇ ಮುದ್ದಾಗಿದ್ದರೂ ಮೊದಲ ಒಂದು ವರ್ಷ ಕೂಸು ಮಲಗುವಲ್ಲಿ ಮೆತ್ತೆ, ದಿಂಬು, ಮೆತ್ತನೆಯ ಗೊಂಬೆ ಏನೂ ಇರಬಾರದು. ಉಸಿರು ಕಟ್ಟುವ ಭಯವಿದೆ. ಬೇಡ ಅನ್ನುವುದಕ್ಕೂ ಮೊದಲು ಹೆಸರು ಬೇಕಲ್ಲ.

‘ಮೊಬೈಲ್’ ಇನ್ನೊಂದು. ಕೂಸಿನ ತಲೆಯ ಮೇಲೆ ದಾರದಲ್ಲಿ ತೂಗಿಬಿಡುವ ಹಕ್ಕಿ, ಮೋಡ, ನಕ್ಷತ್ರಗಳ ಗೊಂಚಲು. ಅಲೆಕ್ಸಾಂಡರ್ ಕಾಲ್ಡರ್ ಎಂಬ ಶಿಲ್ಪಿ ಮಾಡಿದ ಚಲಿಸುವ ಕಲಾಕೃತಿಗಳಿಗೆ ಮಾರ್ಸೆಲ್ ದ್ಯುಶಾಂ ಎಂಬ ಕಲಾವಿದ 1931ರಲ್ಲಿ ಕೊಟ್ಟ ಹೆಸರು ಅದು. ಅಲ್ಲಿಂದ ಮಕ್ಕಳ ಕೋಣೆಗೂ ಹೋಯಿತು. ಕನ್ನಡದಲ್ಲಿ ‘ಕೂಸಿನ ಮೇಲೆ ಮೊಬೈಲ್ ತೂಗುಹಾಕಿ’ ಎಂದರೆ ಓದಿದವರು ಗಾಬರಿಯಾಗುತ್ತಾರೆ. ‘ತೂಗುಗೊಂಬೆ’ ಸಾಕು ಅನಿಸುತ್ತದೆ. ಕೂಸು ಕೈ ಮಂಡಿ ಊರಿ ಏಳಲು ಶುರು ಮಾಡಿದ ಕೂಡಲೇ ಅದನ್ನು ಬಿಚ್ಚಿಡಬೇಕು ಎಂಬ ಮಾತೂ ಜೊತೆಗೆ ಬರುತ್ತದೆ.

ಬಂಕ್ ಬೆಡ್‌ಗೆ ‘ಅಂತಸ್ತಿನ ಮಂಚ’ ಹಾಕಿದ್ದೇನೆ, ಕೆಳಗೆ ಜಾಗ ಬಿಟ್ಟು ಮೇಲೆ ಮಾತ್ರ ಮಲಗುವ ಬಗೆಗೆ ‘ಅಟ್ಟಮಂಚ’. ಕನ್ನಡದ ‘ಬಂಕ್’ ಆಗಲೇ ಪೆಟ್ರೋಲಿಗೂ ತಪ್ಪಿಸಿದ ಕ್ಲಾಸಿಗೂ ಹೋಗಿಬಿಟ್ಟಿದೆ. ಇಲ್ಲಿಯೂ ಮಾತು ಖಚಿತವಾಗಿರಬೇಕು: 6 ವರ್ಷಕ್ಕಿಂತ ಚಿಕ್ಕವರನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು.

ಇನ್ನು ‘ಬೆಡ್’. ಇಂಗ್ಲಿಷಿಗೆ ಮಂಚವೂ ಬೆಡ್, ಹಾಸಿಗೆಯೂ ಬೆಡ್. ನಮಗೆ ಎರಡು ಬೇರೆ. ಹಾಸುವುದರಿಂದ ಹಾಸಿಗೆ. ಈಗ ‘ಫ್ಲೋರ್ ಬೆಡ್’ ಎಂದು ಬಹಳ ಕೇಳಿಬರುತ್ತಿದೆ. ಮಗು ತಾನೇ ಹತ್ತಿ ಇಳಿಯಲಿ ಎಂದು ನೆಲಕ್ಕೆ ಹತ್ತಿರ ಹಾಕುವುದು. ಅದನ್ನು ‘ನೆಲದ ಮಂಚ’ ಅನ್ನುವುದು ಸುಮ್ನೆ ತಿರುಚಾಟ. ನೆಲದ ಮೇಲೆ ಹಾಸಿಗೆ, ಅಷ್ಟೇ.

ಈ ಯೋಚನೆ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸೊರಿ ಅವರ ಬಳಗದ್ದು. 1907ರಲ್ಲಿ ರೋಮ್ ನಗರದಲ್ಲಿ ಅವರು ಶುರು ಮಾಡಿದ ಜಾಗಕ್ಕೆ ಶಾಲೆ ಎಂಬ ಹೆಸರಿಡಲಿಲ್ಲ, ‘ಕಾಸಾ ದೇಯ್ ಬಂಬೀನಿ’ ಅಂದರು. ಮಕ್ಕಳ ಮನೆ. ಮೇಜು, ಕುರ್ಚಿ ಎಲ್ಲ ಮಕ್ಕಳ ಅಳತೆಗೆ ಮಾಡಿಸಿದರು. ಆ ಹೆಸರು ನನ್ನನ್ನು ನಮ್ಮ ‘ಮನೆ’ಯ ಕಡೆಗೆ ತಿರುಗಿಸಿತು. ಕನ್ನಡದಲ್ಲಿ ಮನೆ ಅಂದರೆ ಇಡೀ ಕಟ್ಟಡ ಮಾತ್ರ ಅಲ್ಲ, ಒಂದು ಕೋಣೆಯೂ ಮನೆಯೇ. ಅಡುಗೆಮನೆ, ಬಚ್ಚಲುಮನೆ, ದೇವರಮನೆ. ಹಳಗನ್ನಡದಲ್ಲಿ ಮಲಗುವ ಕೋಣೆಗೆ ‘ಸೆಜ್ಜೆವನೆ’ ಎಂಬ ಪದವೇ ಇತ್ತು. ಶಯ್ಯೆ ಸೆಜ್ಜೆಯಾಯಿತು, ಮನೆ ವನೆಯಾಯಿತು. ಎಷ್ಟು ಮೃದುವಾದ ಪದ! ಅದನ್ನು ಈಗ ಎಬ್ಬಿಸಿ ತರಲಾಗದು ಎಂಬುದು ಗೊತ್ತು. ಆದರೂ ಮಗುವಿನ ಕೋಣೆಗೆ ‘ಮಗುವಿನ ಮನೆ’ ಅಂದರೆ ಯಾರಿಗೂ ಹೊರಗಿನದು ಅನಿಸಲಾರದು.

ಓದಲು ಮೂಲೆಯಲ್ಲಿ ಮಾಡುವ ಬೆಚ್ಚನೆಯ ಜಾಗಕ್ಕೆ ನನಗೆ ಸಂಶಯವೇ ಇಲ್ಲ: ‘ಓದುಗೂಡು’. ಗೂಡು ಹಕ್ಕಿಯದೂ ಹೌದು, ಗೋಡೆಯಲ್ಲಿ ಸಾಮಾನು ಇಡಲು ಬಿಡುವ ಪೊಳ್ಳೂ ಹೌದು. ಆಟದ ಸಾಮಾನು ಇಡುವ ಬಾಗಿಲಿಲ್ಲದ ತಗ್ಗು ಶೆಲ್ಫಿಗೂ ಗೂಡು ಎಂದೇ ಬರೆದಿದ್ದೇನೆ, ಕಪಾಟು ಎಂದಲ್ಲ. ಕಪಾಟ ಅಂದರೆ ಸಂಸ್ಕೃತದಲ್ಲಿ ಬಾಗಿಲು. ಮಗು ತನ್ನ ಸಾಮಾನನ್ನು ಕಂಡು ತಾನೇ ತೆಗೆದು ತಾನೇ ಇಡುವ ಜಾಗಕ್ಕೆ ಬಾಗಿಲಿನ ಹೆಸರು ಯಾಕೆ?

ಬಣ್ಣದ ಬಗ್ಗೆ ಒಂದು ಅನುಮಾನ. ಪೇಸ್ಟಲ್ ಬಣ್ಣಗಳಿಗೆ ‘ತಿಳಿಬಣ್ಣ’ ಅನ್ನುವುದು ರೂಢಿ. ತಿಳಿ ಅಂದರೆ ತಿಳಿನೀರಿನ ಹಾಗೆ ತಳ ಕಾಣುವಂಥದ್ದು. ಪೇಸ್ಟಲ್ ಹಾಗಲ್ಲ, ಬಿಳಿ ಬೆರೆಸಿದ, ಸ್ವಲ್ಪ ಹಾಲು ಹಾಲಾದ ಬಣ್ಣ. ‘ನಸುಗೆಂಪು’ವಿನ ‘ನಸು’ ಪ್ರಮಾಣವನ್ನಷ್ಟೇ ಹೇಳುತ್ತದೆ. ನನಗೆ ‘ಎಳೆಬಣ್ಣ’ ಇಷ್ಟ. ಎಳೆಹಸಿರು ಆಗಲೇ ಇದೆ. ಎಳೆಗೆಂಪು, ಎಳೆನೀಲಿ, ಎಳೆಹಳದಿ ಎಂದು ಮುಂದುವರಿಸಬಹುದು. ಎಳೆಯ ಮಗುವಿನ ಕೋಣೆಗೆ ಎಳೆಬಣ್ಣ. ನೂಲಿನ ಎಳೆಯ ಜೊತೆ ಗೊಂದಲ ಆಗುತ್ತದೆಯೇ, ಹೇಳಿ.

‘ಸ್ಟೈಲಿಶ್’ಗೆ ಶೈಲಿಯ ಸುತ್ತ ಪದ ಕಟ್ಟುವವರಿದ್ದಾರೆ. ಸ್ಟೈಲ್ ಮತ್ತು ಶೈಲಿ ಒಂದೇ ಬೇರಿನವು ಎಂಬ ನಂಬಿಕೆಯೂ ಇದೆ. ಅಲ್ಲ. ಸ್ಟೈಲ್ ಬಂದದ್ದು ಮೇಣದ ಹಲಗೆಯ ಮೇಲೆ ಬರೆಯುವ ಮೊನೆಗಡ್ಡಿಯಾದ ಲ್ಯಾಟಿನ್ ಸ್ಟಿಲಸ್‌ನಿಂದ. ಶೈಲಿ ಬಂದದ್ದು ಸ್ವಭಾವ, ನಡತೆ ಎಂಬ ಅರ್ಥದ ಶೀಲದಿಂದ. ನಾನು ‘ಸೊಗಸಾದ’ ಎಂದೇ ಬರೆಯುತ್ತೇನೆ. ಸೊಗ ಅಂದರೆ ಸುಖದ ತದ್ಭವ, ಸೊಗಸು ಅದರ ಬಳಗ. ಕಣ್ಣಿಗೆ ಚೆಂದವಾಗಿದ್ದು ಕೂತರೆ ಬೆನ್ನು ನೋಯಿಸುವ ಕುರ್ಚಿಯನ್ನು ಸೊಗಸು ಅನ್ನಲು ನನಗಂತೂ ಮನಸ್ಸಾಗುವುದಿಲ್ಲ.

ಮನೆಗೆ ಅಲ್ಲಿ ಇಲ್ಲಿ ಹುಡುಕಿ ತಂದ ಚೆಂದದ ವಸ್ತುಗಳಿಗೆ ಇಂಗ್ಲಿಷಿನಲ್ಲಿ ‘ಫೈಂಡ್ಸ್’ ಎಂಬ ಪುಟ್ಟ ಪದವಿದೆ. ಶೋಧ ಅಂದರೆ ವಿಜ್ಞಾನಿ ನೆನಪಾಗುತ್ತಾನೆ. ‘ಹೆಕ್ಕಿ ತಂದದ್ದು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ಒಂದೇ ಪದ ಸಿಕ್ಕರೆ ಬಹಳ ಉಪಕಾರ.

ಮುಖ್ಯ ಪ್ರಶ್ನೆ ಮತ್ತೆ ಅದೇ. ‘ಕೋಣೆಯನ್ನು ಒಪ್ಪಗೊಳಿಸು’ ಎಂದು ಕೇಳಿದಾಗ ನಿಮಗೆ ಏನು ಹೊಳೆಯುತ್ತದೆ? ಹೊಸ ಬಣ್ಣ, ಹೊಸ ಪರದೆಯೇ, ಅಥವಾ ಹರಡಿದ ಸಾಮಾನು ಎತ್ತಿಡುವುದೇ? ನಿಮ್ಮ ಮನೆಯಲ್ಲಿ ಹಿರಿಯರೂ ಮಕ್ಕಳೂ ‘ಒಪ್ಪ’ವನ್ನು ಯಾವ ವಾಕ್ಯದಲ್ಲಿ ಬಳಸುತ್ತಾರೆ ಎಂದು ಇಡೀ ವಾಕ್ಯವನ್ನೇ ಬರೆದು ಕಳಿಸಿ. ನಿಘಂಟಿನ ಅರ್ಥ ನನ್ನ ಬಳಿ ಇದೆ, ನಿಮ್ಮ ಬಾಯಲ್ಲಿರುವ ವಾಕ್ಯ ಬೇಕು.