ಕಿಟಕಿಗೆ ಪರದೆ, ಛಾವಣಿಗೆ ಸೋಲಾರ್

"ನಮ್ಮ ಸರ್ಕಾರಿ ಶಾಲೆಗೂ ಸ್ಮಾರ್ಟ್ ಬೋರ್ಡ್ ಬಂತು ಕಣೋ!" ಸುರೇಶ ದೂರದಿಂದಲೇ ಕೂಗಿದ. ಬೋರ್ಡನ್ನು ಅವನೇ ಹೆತ್ತ ಹಾಗಿತ್ತು ಮುಖ.

"ಸಂತೋಷ. ಬಂದ ಮೇಲೆ ಮೊದಲು ಏನು ಮಾಡಿದಿರಿ?" ಎಂದ ನಾಣಿ.

"ಬಿಸಿಲು ಬಿದ್ದರೆ ಅಕ್ಷರ ಕಾಣಲ್ಲ ಅಂತ ಕಿಟಕಿಗೆಲ್ಲ ದಪ್ಪ ಪರದೆ ಹಾಕಿಸಿದೆವು."

"ಆಮೇಲೆ?"

"ಕತ್ತಲಾಯಿತಲ್ಲ, ಮಕ್ಕಳು ಬರೆದುಕೊಳ್ಳೋದು ಬೇಡವಾ? ಟ್ಯೂಬ್‌ಲೈಟ್ ಹಾಕಿಸಿದೆವು. ಗಾಳಿ ಇಲ್ಲದೆ ಸೆಕೆಯಾಯಿತು, ಇದ್ದ ನಾಲ್ಕು ಹಳೇ ಫ್ಯಾನನ್ನೂ ದಿನವಿಡೀ ತಿರುಗಿಸಿದೆವು. ಬಿಲ್ ಏರಿತು. ಅದಕ್ಕೇ ಈಗ ಛಾವಣಿ ಮೇಲೆ ಸೋಲಾರ್!"

ನಾಣಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ಸುಮ್ಮನಿದ್ದರೇ ಅಪಾಯ ಜಾಸ್ತಿ.

"ಅಂದರೆ ಕಿಟಕಿಗೆ ಬಂದ ಸೂರ್ಯನನ್ನು ಹೋಗಯ್ಯಾ ಅಂತ ಓಡಿಸಿ, ಆಮೇಲೆ ಛಾವಣಿಗೆ ಏಣಿ ಹಾಕಿ, ಸ್ವಾಮೀ ಈ ಕಡೆಯಿಂದ ದಯಮಾಡಿಸಿ ಅಂತ ಕರೆದಿರಿ. ಅವನಾದರೂ ಪೂರ್ತಿ ಬರುತ್ತಾನಾ? ಪ್ಯಾನೆಲ್ ಮೇಲೆ ಬಿದ್ದ ಬಿಸಿಲಲ್ಲಿ ನೂರಕ್ಕೆ ಸುಮಾರು 20 ಭಾಗ ಕರೆಂಟ್ ಆಗುತ್ತೆ. ಅದು ಇನ್ವರ್ಟರ್ ಹೊಕ್ಕು, ತಂತಿ ಹಿಡಿದು, ಟ್ಯೂಬಿಗೆ ಬಂದು ಮತ್ತೆ ಬೆಳಕಾಗೋ ಹೊತ್ತಿಗೆ ಎಲ್ಲ ಟೇಬಲ್ಲಿಗೂ ಕಮಿಷನ್ ಕೊಟ್ಟಾಗಿರುತ್ತೆ. ಕಿಟಕಿ ಯಾವತ್ತಾದರೂ ಕಮಿಷನ್ ಕೇಳಿತ್ತಾ?"

"ನಿನಗೇನು, ಹೇಳಿಬಿಡ್ತೀಯ," ಎಂದರು ವನಜಕ್ಕ. ಪಾಠ ಮಾಡೋರು ಅವರು ತಾನೇ. "ನಾನು ಸೀಮೆಸುಣ್ಣದಲ್ಲಿ ಬರೆದ ಹೃದಯ ಹೂಕುಂಡದ ಥರ ಇರುತ್ತಿತ್ತು. ಈಗ ರಕ್ತ ಹರಿಯೋದೇ ಕಾಣುತ್ತೆ. ಹಿಂದಿನ ಬೆಂಚಿನ ಹುಡುಗ ಮೊದಲ ಸಲ ಪ್ರಶ್ನೆ ಕೇಳಿದ."

"ಏನಂತ?"

"ಮಿಸ್, ಇದರಲ್ಲಿ ಗೇಮ್ ಬರುತ್ತಾ ಅಂತ."

ಸುರೇಶ ಬಿಡಲಿಲ್ಲ. "ಬೋರ್ಡು ತಿನ್ನೋದು ಎಷ್ಟು ಮಹಾ, 300 ವ್ಯಾಟ್."

"ನಾಲ್ಕು ಹಳೇ ಫ್ಯಾನಿನಷ್ಟು," ಎಂದ ನಾಣಿ. " ಒಂದೊಂದು 75 ವ್ಯಾಟ್ ನುಂಗುತ್ತೆ, ಸದ್ದು ಬೇರೆ. ಹೊಸ ಬಿಎಲ್‌ಡಿಸಿ ಫ್ಯಾನ್, ಕರೆಂಟ್ ಉಳಿಸೋ ಮೋಟರಿಂದು, 30ರ ಆಸುಪಾಸು. ನಾಲ್ಕನ್ನೂ ಬದಲಾಯಿಸಿದ್ದರೆ 180 ವ್ಯಾಟ್ ಉಳಿಯುತ್ತಿತ್ತು, ಬೋರ್ಡಿನ ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹುಟ್ಟುತ್ತಿತ್ತು. ಯಾಕೆ ಬದಲಾಯಿಸಲಿಲ್ಲ ಹೇಳಲಾ? ಫ್ಯಾನನ್ನು ಉದ್ಘಾಟನೆ ಮಾಡೋಕೆ ಆಗಲ್ಲ. ಅತಿಥಿಗಳಿಗೆ ರಿಬ್ಬನ್ ಎಟುಕಲ್ಲ."

"ಆಯ್ತಪ್ಪ, ಸೋಲಾರ್ ಆದರೂ ಒಳ್ಳೆಯದು ತಾನೇ? ಬಿಸಿಲಿರೋ ಹೊತ್ತಿಗೇ ಶಾಲೆ ನಡೆಯುತ್ತೆ."

"ಅದನ್ನು ಒಪ್ಪಿದೆ," ಎಂದ ನಾಣಿ. ಅಪರೂಪಕ್ಕೆ.

"ಏನು ಒಪ್ಪೋದು? ನಿನ್ನೆ ನೆತ್ತಿ ಸುಡೋ ಬಿಸಿಲಲ್ಲಿ ಕರೆಂಟ್ ಹೋಯಿತು, ಅದರ ಹಿಂದೆಯೇ ಸೋಲಾರೂ ಹೋಯಿತು!" ಎಂದರು ವನಜಕ್ಕ.

ಸುರೇಶ ಕೆಮ್ಮಿದ. "ಅದು ಹಾಗೇ ಅಕ್ಕ. ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ, ಅಂದರೆ ಹೊರಗಿನ ಕರೆಂಟ್ ಲೈನಿಗೆ ಜೋಡಿಸಿದ್ದು, ಲೈನ್ ಸತ್ತ ತಕ್ಷಣ ನಿಲ್ಲಲೇಬೇಕು. ಇಲ್ಲದಿದ್ದರೆ ಇಲ್ಲಿನ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿದವನಿಗೆ ಶಾಕ್ ಹೊಡೆಯುತ್ತೆ."

"ಲೈನ್‌ಮನ್ ನೂರು ವರ್ಷ ಬಾಳಲಿ. ಬ್ಯಾಟರಿ ಯಾಕೆ ಹಾಕಿಸಲಿಲ್ಲ?"

"ಬ್ಯಾಟರಿ ದುಡ್ಡು..." ಸುರೇಶನ ದನಿ ಇಳಿಯಿತು, "ಪರದೆಗೆ ಹೋಯಿತು."

ನಾವೆಲ್ಲ ನಕ್ಕು ಮುಗಿಸೋಕೆ ಸ್ವಲ್ಪ ಹೊತ್ತು ಹಿಡಿಯಿತು. ಮೇಷ್ಟ್ರು ಮಾತ್ರ ನಗಲಿಲ್ಲ. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಅವರ ಕೈ ಆಗಾಗ ಅಂಗಿಯ ಮೇಲಿನ ಸುಣ್ಣದ ಪುಡಿ ಕೊಡವುತ್ತದೆ.

"ನನ್ನ ಕ್ಲಾಸಲ್ಲಿ ಗಡಿಯಾರ ಇರಲಿಲ್ಲ," ಎಂದರು. "ಕಿಟಕಿಯಿಂದ ಬಿಸಿಲಿನ ಚೌಕ ಬೀಳುತ್ತಿತ್ತು. ನಿಧಾನ ಸರಿದು ಮೂರನೇ ಬೆಂಚಿನ ಕಾಲಿಗೆ ತಾಗಿತೋ, ಬೆಲ್ ಹೊಡೆಯೋ ಹೊತ್ತು. ಹುಡುಗರು ನನ್ನ ಮುಖ ಎಲ್ಲಿ ನೋಡುತ್ತಿದ್ದರು, ಆ ಬೆಂಚಿನ ಕಾಲನ್ನೇ ನೋಡುತ್ತಿದ್ದರು."

"ಈಗ ಬೋರ್ಡಲ್ಲೇ ಟೈಮ್ ಬರುತ್ತೆ ಮೇಷ್ಟ್ರೇ," ಎಂದ ಸುರೇಶ.

"ನಿನ್ನೆ ಬರಲಿಲ್ಲ," ಎಂದರು ವನಜಕ್ಕ. "ಕರೆಂಟ್ ಹೋದಾಗ ನಾನೇ ಪರದೆ ಸರಿಸಿದೆ. ಅದೇ ಚೌಕ ಬಿತ್ತು. ಮುಂದಿನ ಸಾಲಿನ ಹುಡುಗಿ ಒಬ್ಬಳು ಮೆಲ್ಲಗೆ ಚಪ್ಪಲಿ ಬಿಚ್ಚಿ ಎರಡೂ ಪಾದ ಅದರೊಳಗಿಟ್ಟು ಕೂತಳು."

"ಆಮೇಲೆ?"

"ಆಮೇಲೇನು, ಕರೆಂಟ್ ಬಂತು. ಮತ್ತೆ ಪರದೆ ಎಳೆದೆ."