ಹಕ್ಕಿ ನೋಡೋ ಹುಚ್ಚಿನಿಂದ ಮಗಳ ಕನ್ನಡ ಬರವಣಿಗೆ ಸುಧಾರಿಸಬಹುದಾ?

ಮಲ್ಲಿಗೆಬಳ್ಳಿ:
ಮಗಳು ನಾಲ್ಕನೇ ಕ್ಲಾಸು. ಚೆನ್ನಾಗಿ ಓದ್ತಾಳೆ, ಬರಿ ಅಂದ್ರೆ ಎರಡು ಸಾಲಿಗೆ ಪೆನ್ಸಿಲ್ ಕೆಳಗಿಡ್ತಾಳೆ. ಒತ್ತಕ್ಷರ ಬಿಟ್ಟುಹೋಗುತ್ತೆ, ಲ-ಳ ಅದಲುಬದಲು. ಆದ್ರೆ ಹಕ್ಕಿ ಅಂದ್ರೆ ಪ್ರಾಣ. ಇದನ್ನೇ ಹಿಡಿದು ಬರೆಸೋಕೆ ಎಲ್ಲಿಂದ ಶುರು ಮಾಡ್ಲಿ?

ಕೆರೆದಂಡೆ:
ಜೇಬಿಗೆ ಹಿಡಿಯೋ 40 ಪುಟದ ಪುಸ್ತಕ ಕೊಡಿ. ಬೆಳಗ್ಗೆ 10 ನಿಮಿಷ, ದಿನಕ್ಕೆ ಒಂದೇ ಹಕ್ಕಿ. ದಿನಾಂಕ, ಹೊತ್ತು, ಜಾಗ. ಆಮೇಲೆ ಮೂರೇ ವಾಕ್ಯ: ಹೇಗಿದೆ, ಏನು ಮಾಡ್ತು, ಹೇಗೆ ಕೂಗ್ತು.

ಮಕ್ಕಳು ಎಡವೋದು ಎರಡನೇ ವಾಕ್ಯದಲ್ಲಿ. ಎಲ್ಲಾ ಹಕ್ಕಿಗೂ "ಕೂತಿತ್ತು, ಹಾರಿತು" ಅಷ್ಟೇ. ತಪ್ಪು ಅನ್ನಬೇಡಿ, "ಹೇಗೆ ಹಾರಿತು?" ಅಂತ ಕೇಳಿ. ಪುರ್ರನೆಯೋ, ಸರ್ರನೆಯೋ? ನೆಲದ ಮೇಲೆ ಗುಬ್ಬಿ ಕುಪ್ಪಳಿಸುತ್ತೆ, ಗೊರವಂಕ ಹೆಜ್ಜೆ ಹಾಕುತ್ತೆ. ಕಾಜಾಣ ತಂತಿಯಿಂದ ಎಗರಿ, ಗಾಳಿಯಲ್ಲೇ ಹುಳ ಹಿಡಿದು, ಮತ್ತೆ ಅದೇ ತಂತಿಗೆ ಬಂದು ಕೂರುತ್ತೆ. ಕ್ರಿಯಾಪದ ಸರಿಯಾಗಿ ಸಿಕ್ಕರೆ ವಾಕ್ಯ ತಾನಾಗಿ ಬೆಳೆಯುತ್ತೆ.

ಮೊದಲೇ ಮೊಬೈಲಲ್ಲಿ ಫೋಟೋ ತೆಗೆಯೋಕೆ ಬಿಡಬೇಡಿ. ಫೋಟೋ ಸಿಕ್ಕಿತು ಅಂದ್ರೆ ನೋಡೋದೂ ನಿಲ್ಲುತ್ತೆ, ಬರೆಯೋದೂ ನಿಲ್ಲುತ್ತೆ.

ಕನ್ನಡ ಮೇಷ್ಟ್ರು:
ಒತ್ತು ಬಿಡೋದು ಬಹಳ ಸಲ ಕೈಯ ತಪ್ಪಲ್ಲ, ಕಿವಿಯದು. ಕಾಪಿ ಬರೆಸಿದ್ರೆ ಹೋಗಲ್ಲ. 'ಬೆಳ್ಳಕ್ಕಿ'ಯನ್ನ ಚಪ್ಪಾಳೆ ತಟ್ಟಿ ಹೇಳಿಸಿ: ಬೆಳ್–ಳಕ್–ಕಿ. ನಾಲಿಗೆ ತಡೆದು ನಿಂತ ಎರಡು ಕಡೆಯೂ ಒತ್ತು ಬರುತ್ತೆ. ಮಿಂಚುಳ್ಳಿ, ಟಿಟ್ಟಿಭ ಅನ್ನೋ ಹಕ್ಕಿ ಹೆಸರುಗಳಿಗೂ ಹೀಗೇ ಮಾಡಿ. 'ಭ' ಅನ್ನೋವಾಗ ಬಾಯಿ ಮುಂದೆ ಅಂಗೈ ಹಿಡಿದ್ರೆ ಉಸಿರು ತಾಗುತ್ತೆ, 'ಬ'ಗೆ ಅಷ್ಟು ತಾಗಲ್ಲ. 'ಳ'ಗೆ ನಾಲಿಗೆ ಮೇಲಕ್ಕೆ ಮಡಚಬೇಕು, 'ಲ'ಗೆ ಮೇಲಿನ ಹಲ್ಲಿನ ಹಿಂದೆ ತಾಗಿಸಿದ್ರೆ ಸಾಕು.

ದಿನಕ್ಕೆ ಒಂದೇ ತಪ್ಪು ತಿದ್ದಿ. ಆ ಸಾಲಿನ ಪಕ್ಕ ಪೆನ್ಸಿಲ್ ಚುಕ್ಕೆ ಇಡಿ, ತಪ್ಪನ್ನ ಅವಳೇ ಹುಡುಕಲಿ. ಪುಟವೆಲ್ಲಾ ಕೆಂಪು ಮಾಡಿದ್ರೆ ಮಾರನೇ ದಿನ ಪುಸ್ತಕ ಮುಟ್ಟಲ್ಲ.

ಮಲ್ಲಿಗೆಬಳ್ಳಿ:
ಹೆಸರು ಗೊತ್ತಿಲ್ಲದ ಹಕ್ಕಿ ಬಂದ್ರೆ?

ಕೆರೆದಂಡೆ:
ಬರೆಯೋಕೆ ಅದೇ ಒಳ್ಳೇ ದಿನ! ಹೆಸರು ತಕ್ಷಣ ಹೇಳಿಬಿಡಬೇಡಿ. "ಕಾಗೆ ಥರ ಇದೆ, ಆದ್ರೆ..." ಅಂತ ಶುರು ಮಾಡಿಸಿ. ರೆಕ್ಕೆ ತಾಮ್ರದ ಬಣ್ಣ, ಕಣ್ಣು ಕೆಂಪು, ಪೊದೆ ಬುಡದಲ್ಲಿ ನಡೆಯುತ್ತೆ. ಇಷ್ಟು ಬರೆದಮೇಲೆ 'ಕೆಂಬೂತ' ಅಂತ ಹೇಳಿ. 'ಕೆಮ್ಮೀಸೆ ಪಿಕಳಾರ' ಅನ್ನೋ ಬುಲ್‌ಬುಲ್ ಹಕ್ಕಿ ಬಂದ್ರೆ ಕಣ್ಣಿನ ಹತ್ತಿರದ ಕೆಂಪು ಮಚ್ಚೆ ತೋರಿಸಿ, ಕೆಂಪು ಮೀಸೆ ಸೇರಿ ಕೆಮ್ಮೀಸೆ ಆಗಿದ್ದನ್ನ ಅವಳ ಕೈಲೇ ಬಿಡಿಸಿ.

ತಿಂಗಳ ಕೊನೆಗೆ ಅವಳಿಗಿಷ್ಟವಾದ ಒಂದು ಪುಟ ಆರಿಸಿ, ಎಂಟು ಸಾಲಿಗೆ ಬೆಳೆಸಿ, ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ. ಅಜ್ಜಿ ಎಲ್ಲಿ "ಆಮೇಲೆ?" ಅಂತಾರೋ ಅಲ್ಲಿ ಒಂದು ಸಾಲು ಸೇರಿಸಬೇಕು.